ಗುರುತಿನ ನಗೆ

ರೇವಣಪ್ಪನ ಆ ದಿನದ ಫಜೀತಿಗೆಲ್ಲ ಅವನ ನಗೆಯೇ ಕಾರಣ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವನಿಗೆ ಮುಖಗಳೂ ಹೆಸರುಗಳೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅವನ ಊರು ಮಸೂತಿಯ ಜನಕ್ಕೆ ಅದೊಂದು ಆಟವಾಗಿತ್ತು. ನೋಡಲು ಬಂದವರೆಲ್ಲ, "ನಾ ಯಾರ ಹೇಳು ನೋಡೂನು?" ಎಂದು ಪರೀಕ್ಷೆ ಮಾಡುವವರೇ. ಹೇಳದಿದ್ದರೆ "ಪಾಪ, ಪೂರಾ ಹೋಗೇತಿ" ಎಂದು ಚಹಾ ಕುಡಿದು ಏಳುವರು. ಅದಕ್ಕೇ ಅವನು ಕಂಡವರಿಗೆಲ್ಲ ಬೀಗರನ್ನು ಕಂಡಂತೆ ನಗುವುದನ್ನು ಕಲಿತುಬಿಟ್ಟ.

ಮುದ್ದೇಬಿಹಾಳದಲ್ಲಿ ಪ್ರತಿ ಶನಿವಾರ ಇಂಥವರದೇ ಒಂದು ಕೂಟ ಸೇರುತ್ತಿತ್ತು. ತಲೆಗೆ ಪೆಟ್ಟಾದವರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು, ಮರೆತದ್ದನ್ನು ಮತ್ತೆ ಕಲಿಯುವ ಜಾಗ. ನಡೆಸುವ ಪಲ್ಲವಿ ಮೇಡಂ ಎಲ್ಲರಿಗೂ ಒಂದು ಮಾತು ಬಾಯಿಪಾಠ ಮಾಡಿಸಿದ್ದರು: "ನನ್ನ ತಲೀಗೆ ಪೆಟ್ಟಾಗೇತ್ರಿ. ಮುಖಾ ನೆನಪಿರೂದಿಲ್ಲ. ಸಿಟ್ಟಾಗಬ್ಯಾಡ್ರಿ, ಹೆಸರ ಹೇಳ್ರಿ." ಕೂಟದಲ್ಲಿ ರೇವಣಪ್ಪ ಅದನ್ನು ಗಿಳಿಯಂತೆ ಒಪ್ಪಿಸುತ್ತಿದ್ದ. ಹೊರಗೆ ಬಂದರೆ ನಾಚಿಕೆ, ನಗೆಯೇ ಗತಿ.

ಇಷ್ಟು ದಿನ ಜೊತೆಗೆ ಬರುತ್ತಿದ್ದ ಹೆಂಡತಿ ರುಕ್ಮವ್ವ, "ಇವತ್ತ ಒಬ್ಬರ ಹೋಗಿ, ಮೀಟಿಂಗ್ ಮುಗಿಸಿ ಬರ್ರಿ. ಗಿರಣಿ ಚಾವಿ ನಿಮ್ಮ ಕೈಯಾಗ ಕೊಡ್ತೇನಿ," ಎಂದಳು. ಹಿಟ್ಟಿನ ಗಿರಣಿ ಅವನದೇ. ಪೆಟ್ಟಾದಾಗಿನಿಂದ ಅವಳ ತಮ್ಮ ನಡೆಸುತ್ತಿದ್ದ. ಆ ಚಾವಿಗಾಗಿ ರೇವಣಪ್ಪ ತುಂಬಿದ ಕೃಷ್ಣೆಯನ್ನು ಈಜಲೂ ತಯಾರಿದ್ದ.

ಬಾಗೇವಾಡಿಯಲ್ಲಿ ಸರಿಯಾದ ಬಸ್ಸನ್ನೇ ಹತ್ತಿ ಮುದ್ದೇಬಿಹಾಳದಲ್ಲಿ ಇಳಿದ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮನುಷ್ಯ ಇವನನ್ನೇ ನೋಡುತ್ತಿದ್ದ. ರೇವಣಪ್ಪ ನಕ್ಕ. ಅವನು ಇನ್ನೂ ಜೋರಾಗಿ ನಕ್ಕ.

"ಆರಾಮ ಅದೀರಿ?"

"ಆರಾಮ ಅದೇನ್ರಿ. ನಿಮ್ಮ ಹುಡುಗ್ರು?"

"ಅವ್ರೂ ಅದಾರ್ರಿ. ನಡೀರಿ ಮತ್ತ."

"ನಡೀರಿ, ನಡೀರಿ."

ನಡೆದರು. ಅವನು ಎಡಕ್ಕೆ ಹೋಗುತ್ತಾನೇನೋ ಎಂದು ಇವನು ಎಡಕ್ಕೆ ವಾಲಿದ. ಇವನು ವಾಲಿದ್ದು ನೋಡಿ ಅವನು ಎಡಕ್ಕೇ ತಿರುಗಿದ. ದಾರಿ ತಿಳಿಯದ ಜೋಡೆತ್ತುಗಳ ಹಾಗೆ ಓಣಿ ಓಣಿ ಸುತ್ತಿ ಒಂದು ಚಪ್ಪರದ ಮುಂದೆ ನಿಂತರು. ಒಳಗೆ ನಿಶ್ಚಿತಾರ್ಥ.

"ಯಾಕ್ರಿ ಇಷ್ಟ ತಡಾ? ಬರ್ರಿ ಒಳಗ!" ಹೆಣ್ಣಿನ ತಂದೆ ಇಬ್ಬರ ಕೈಯನ್ನೂ ಹಿಡಿದು ಎಳೆದ.

ಸಂಗಡಿಗನ ನೆಂಟರಿರಬೇಕು, ಬೇಡವೆಂದರೆ ನೊಂದುಕೊಂಡಾರು ಎಂದು ರೇವಣಪ್ಪ ಎಲೆಯ ಮುಂದೆ ಕೂತ. ಮೀಟಿಂಗಿನ ಹೊತ್ತು ಮೀರುತ್ತಿತ್ತು. ಹೋಳಿಗೆ ಜಾಲಿ ಮುಳ್ಳಿನ ಹಾಗೆ ಗಂಟಲಲ್ಲಿ ಇಳಿಯಿತು. ಏಳುವಷ್ಟರಲ್ಲಿ, ಗಂಡಿನ ಕಡೆಯ ಹಿರಿಯರೆಂದು ಇಬ್ಬರ ತಲೆಗೂ ಉಡುಗೊರೆಯ ಆಯೇರಿ ರುಮಾಲು ಸುತ್ತಿಬಿಟ್ಟರು.

ಆಗ ಗಂಡಿನ ನಿಜವಾದ ಸೋದರಮಾವ ಬಂದ. "ಇವ್ರ ಯಾರ್ರಿ? ನಮ್ಮ ಕಡಿಯವ್ರಲ್ಲ."

"ನಮ್ಮವ್ರೂ ಅಲ್ಲ!" ಎಂದ ಹೆಣ್ಣಿನ ತಂದೆ.

ರೇವಣಪ್ಪ ಸಂಗಡಿಗನತ್ತ ಬೆರಳು ತೋರಿದ. ಸಂಗಡಿಗನ ಬೆರಳು ಆಗಲೇ ಇವನತ್ತ ಇತ್ತು.

"ಉಂಡಿದ್ದ ಸಾಲ್ದಂತ ರುಮಾಲ ಬ್ಯಾರೆ ಸುತ್ತಿಸ್ಕೊಂಡಾರ!" ಮುದುಕಿಯೊಬ್ಬಳು ಕೂಗಿದಳು.

ರೇವಣಪ್ಪ ಸಂಗಡಿಗನ ಕಡೆ ತಿರುಗಿದ. "ನನ್ನ ತಲೀಗೆ ಪೆಟ್ಟಾಗೇತ್ರಿ. ಮುಖಾ ನೆನಪಿರೂದಿಲ್ಲ..."

"ಸಿಟ್ಟಾಗಬ್ಯಾಡ್ರಿ, ಹೆಸರ ಹೇಳ್ರಿ." ಉಳಿದ ಅರ್ಧವನ್ನು ಸಂಗಡಿಗ ಮುಗಿಸಿದ. ಅವನ ಕಣ್ಣು ತುಂಬಿತ್ತು. "ನಾ ಮಾಳಿಂಗ್ರಿ, ತಾಳಿಕೋಟಿ. ನೀವು ನಕ್ಕ್ರಿ, ಗುರ್ತಿನವ್ರ ಅಂತ ಬಂದೆ."

ಯಾರೂ ಬೈಯಲಿಲ್ಲ. ಮೆಲ್ಲಗೆ ರುಮಾಲು ಬಿಚ್ಚಿಕೊಂಡು ದಾರಿ ತೋರಿಸಿದರು. ಬೈದಿದ್ದರೇ ವಾಸಿ ಎಂದು ರೇವಣಪ್ಪನಿಗೆ ಎನಿಸಿತು.

ಕೂಟದ ಕೋಣೆಗೆ ಪಲ್ಲವಿ ಮೇಡಂ ಬೀಗ ಹಾಕುತ್ತಿದ್ದರು. ಕತೆ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯ! ಪ್ರತಿ ಶನಿವಾರ ಒಂದ ಚಾಪಿ ಮ್ಯಾಲ ಬಾಜೂಬಾಜೂ ಕುಂದರ್ತೀರಲ್ರಿ! ಆ ಮಾತು ಒಬ್ಬರಿಗೊಬ್ಬರು ಹೇಳೇ ಕಲತೀರಿ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಈ ಸಲ ಯಾರೂ ನಗಲಿಲ್ಲ. ತಾಳಿಕೋಟೆಯ ಬಸ್ಸಿನ ಕಿಟಕಿಯಿಂದ ಮಾಳಿಂಗ ಮರೆಯಾಗುವವರೆಗೂ ಕೈ ಬೀಸಿದ.

ಮನೆಗೆ ಬಂದಾಗ ಮೇಡಂ ಫೋನಿನಿಂದ ರುಕ್ಮವ್ವನಿಗೆ ಎಲ್ಲ ತಿಳಿದಿತ್ತು. ಆದರೂ ಅವಳ ಅಂಗೈಯಲ್ಲಿ ಚಾವಿ ಇತ್ತು. "ಮೀಟಿಂಗ್ ತಪ್ಪಿದ್ರ ತಪ್ಪಲಿ. ಒಬ್ಬರ ಹೋಗಿ ಬಂದೀರಿ. ಜೋಡಿ ಇದ್ದ ಆ ಗೆಳ್ಯಾನ ಹೆಸರೊಂದ ಹೇಳ್ರಿ, ಚಾವಿ ತಗೋರಿ."

ರೇವಣಪ್ಪ ಬಾಯಿ ತೆರೆದ. ಬೀಸುತ್ತಿದ್ದ ಕೈ ಕಂಡಿತು, ಬಸ್ಸಿನ ಕಿಟಕಿ ಕಂಡಿತು. ಹೆಸರು ಬರಲಿಲ್ಲ. ಚಾವಿ ಕೈತಪ್ಪುವುದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಅವನು ಮೆಲ್ಲಗೆ ನಕ್ಕ.

ರುಕ್ಮವ್ವ ಚಾವಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು.