ಹತ್ತು ನಿಮಿಷ ಮುಂದಿರುವ ರೂಟರನ್ನು ಹಿಂದಕ್ಕೆ ತರುವ ಕುರಿತು

ಇಂದ:
ನೆಟ್‌ವರ್ಕ್ ಸಹಾಯಕ (ಕಳೆದ ತಿಂಗಳಿಂದ ಕಾಯಂ),
ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ.

ಗೆ:
ಮುಖ್ಯಸ್ಥರು, ನೆಟ್‌ವರ್ಕ್ ವಿಭಾಗ,
ಅದೇ ಮಹಡಿ, ಕಿಟಕಿಯಿರುವ ಕೋಣೆ.

ವಿಷಯ: ರೂಟರಿನ ಗಡಿಯಾರ ಸರಿಪಡಿಸಿ, ಶಾಖೆಯ ಆಪರೇಟರನ್ನು ಮರಳಿ ಕರೆಸುವ ಬಗ್ಗೆ.

ಉಲ್ಲೇಖ: 1. ತಮ್ಮ ಮೌಖಿಕ ಆದೇಶ: "ಈ ಆಫೀಸಲ್ಲಿ ಎಲ್ಲಾ ಗಡಿಯಾರಾನೂ ಹತ್ತು ನಿಮಿಷ ಮುಂದಿರಬೇಕು ಕಣಯ್ಯಾ."
2. ಅದಕ್ಕೆ ನಾನು ಹೇಳಿದ "ಆಯ್ತು ಸರ್."

ಮಾನ್ಯರೇ,

ಇದನ್ನು ತಮಗೆ ಕೊಡಬೇಕೋ, ಹಿಂದಿನ ಎರಡು ಪ್ರತಿಗಳಂತೆ ಹರಿದು ಹಾಕಬೇಕೋ ಎಂಬುದು ಈ ಸಾಲು ಬರೆಯುವಾಗಲೂ ತೀರ್ಮಾನವಾಗಿಲ್ಲ. ಆದರೂ ನಿವೇದಿಸಿಕೊಳ್ಳುವುದೇನೆಂದರೆ:

1. ನಮ್ಮ ರೂಟರೂ ಶಾಖೆಯ ರೂಟರೂ ಒಂದೇ ಪಾಸ್‌ವರ್ಡ್ ಹೇಳಿದರೆ ಮಾತ್ರ ಒಂದನ್ನೊಂದು ನಂಬಿ, ಯಾವ ದಾರಿ ತೆರೆದಿದೆ ಎಂದು ತಿಳಿಸಿಕೊಳ್ಳುತ್ತವೆ. ಪ್ರತಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಎರಡೂ ತಂತಾವೇ ಹೊಸ ಪಾಸ್‌ವರ್ಡಿಗೆ ಬದಲಾಗಬೇಕು. ಶಾಖೆಯ ಕಡೆ ಆ ಹೊಸ ಪಾಸ್‌ವರ್ಡನ್ನು ಮುಂಚಿತವಾಗಿ ಟೈಪ್ ಮಾಡಿಡುವುದು ಅಲ್ಲಿನ ಆಪರೇಟರ್ ಕೆಲಸ.

2. ಸಿಬ್ಬಂದಿ ತಡವಾಗಿ ಬರಬಾರದೆಂಬ ಘನ ಉದ್ದೇಶದಿಂದ ತಾವು ಗೋಡೆಯ ಗಡಿಯಾರವನ್ನು ಮುಂದಿಟ್ಟಿದ್ದೀರಿ. ಅದೇ ಶಿಸ್ತನ್ನು ರೂಟರಿಗೂ ಕಲಿಸಿದಿರಿ. ರೂಟರು ಎಂದೂ ತಡವಾಗಿ ಬಂದದ್ದಿಲ್ಲ. ಅದು ಮನೆಗೇ ಹೋಗುವುದಿಲ್ಲ.

3. ಆದ್ದರಿಂದ ನಮ್ಮದು ಹತ್ತು ನಿಮಿಷ ಮೊದಲೇ ಹೊಸ ಪಾಸ್‌ವರ್ಡ್ ಹೇಳುತ್ತದೆ. ಶಾಖೆಯದು ಹಳೆಯದನ್ನೇ ಹಿಡಿದು ಕೂತಿರುತ್ತದೆ. ಆ ಕಾರಣ ಸಂಪರ್ಕ ಕಡಿಯುತ್ತದೆ. ಶಾಖೆಯ ಆಪರೇಟರ್, ನಾನು ಅಕ್ಕ ಎಂದು ಕರೆಯುವವರು, ಗಾಬರಿಯಿಂದ ಫೋನ್ ಮಾಡುತ್ತಿದ್ದರು. "ಏನಮ್ಮಾ, ನೆಟ್ಟಗೆ ಟೈಪ್ ಮಾಡೋಕೂ ಬರಲ್ವಾ? ಮತ್ತೆ ಹೊಡಿ" ಎನ್ನುತ್ತಿದ್ದಿರಿ. ಅವರು ಅಳಿಸಿ, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿಕೊಂಡು, ಮತ್ತೆ ಹೊಡೆಯುತ್ತಿದ್ದರು. ಅಷ್ಟರಲ್ಲಿ ಶಾಖೆಯ ಗಡಿಯಾರದಲ್ಲೂ ಹನ್ನೊಂದಾಗಿ ಸಂಪರ್ಕ ತಾನೇ ಬರುತ್ತಿತ್ತು. "ನೋಡಿದ್ಯಾ, ಈಗ ಹೆಂಗೆ ಬಂತು!" ಎಂದು ತಾವು ಮೇಜು ತಟ್ಟುತ್ತಿದ್ದಿರಿ.

4. ಎರಡನೇ ತಿಂಗಳೇ ರೂಟರು ತಾನೇ ಬರೆದಿಡುವ ಲಾಗ್ ನೋಡಿ ನನಗೆ ಕಾರಣ ಗೊತ್ತಾಯಿತು. ನಾಲ್ಕನೇ ತಿಂಗಳು ಅಕ್ಕನ ಮೇಲೆ ನಡೆದ ವಿಚಾರಣೆಯಲ್ಲಿ ತಾವು, "ನಮ್ ಕಡೆ ಏನೂ ತಪ್ಪಿಲ್ಲ ತಾನೇ?" ಎಂದಿರಿ. ತಮ್ಮ ಮುಂದೆ ನನ್ನ ಕಾಯಂ ಮಾಡುವ ಕಡತವಿತ್ತು. ಪೆನ್ನಿನ ಮುಚ್ಚಳ ತೆಗೆದಿತ್ತು. "ಇಲ್ಲ ಸರ್" ಎಂದೆ. ತಾವು ಎರಡು ಸಹಿ ಹಾಕಿದಿರಿ. ನಾನು ಕಾಯಂ ಆದೆ. ಹದಿನೆಂಟು ವರ್ಷ ಕೀಲಿಮಣೆಯ ಮುಂದೆ ಕೂತಿದ್ದ ಅಕ್ಕ ಈಗ ದಾಖಲೆ ಕೋಣೆಯಲ್ಲಿ ಲಕೋಟೆಗಳಿಗೆ ಮೊಹರು ಒತ್ತುತ್ತಿದ್ದಾರೆ.

5. ಈ ತಿಂಗಳ ಒಂದನೇ ತಾರೀಖು ಹೊಸ ಆಪರೇಟರಿಗೂ ಅದೇ ಆಯಿತು. ಅವರು ತಮ್ಮ ಭಾವಮೈದುನರಾದ ಕಾರಣ ತಾವು, "ಈ ಲೈನೇ ಸರಿಯಿಲ್ಲ ಬಿಡಪ್ಪ" ಎಂದಿರಿ.

ಆದ್ದರಿಂದ ರೂಟರನ್ನು ಹತ್ತು ನಿಮಿಷ ಹಿಂದಕ್ಕೆ ತರಲು ಅನುಮತಿಸಿ, ಅಕ್ಕನನ್ನು ಅವರ ಕುರ್ಚಿಗೆ ಮರಳಿಸಿ, ನನ್ನ ಕಾಯಂ ಆದೇಶವನ್ನು ಮರುಪರಿಶೀಲಿಸಬೇಕಾಗಿ ಕೋರುತ್ತೇನೆ. ಗೋಡೆಯ ಗಡಿಯಾರ ಹಾಗೇ ಇರಲಿ. ಎಲ್ಲರೂ ಅದರಲ್ಲಿ ಹತ್ತು ನಿಮಿಷ ಕಳೆದು ಲೆಕ್ಕ ಹಾಕಿಕೊಂಡೇ ಬರುತ್ತಿದ್ದಾರೆ.

ಇದುವರೆಗೆ ತಮಗೆ ಮಾತ್ರ ವಿಶ್ವಾಸಿ,
(ಸಹಿ)

ಲಗತ್ತುಗಳು: ಐದು ತಿಂಗಳ ಲಾಗ್, ನನ್ನ ಕಾಯಂ ಆದೇಶ (ಮೂಲಪ್ರತಿ).

ವಿ.ಸೂ.: ಕುರ್ಚಿ ಬಿಟ್ಟ ದಿನ ಅಕ್ಕ ಫೋನ್ ಮಾಡಿ, "ಮೂರ್ ಮೂರು ಸಲ ಓದಿ ಹೊಡೀತಿದ್ದೆ ಕಣೋ. ನನ್ನ ಕಣ್ಣೇ ಹೋಯ್ತೇನೋ" ಎಂದರು. ಆಮೇಲೆ ಕನ್ನಡಕ ಬದಲಿಸಿದರಂತೆ. ತಪ್ಪು ನಿಮ್ಮದಲ್ಲ ಅಕ್ಕಾ ಎಂದು ನಾನು ಹೇಳಲಿಲ್ಲ.