ಮೂರು ಗಂಟೆಯ ಸಾಕ್ಷಿ

“ಇಡೀ ದಿನ ಮನೇಲಿ ಕೂತು ಏನು ಮಾಡ್ತೀಯೆ?”

ಚಪ್ಪಲಿ ಮೆಟ್ಟುತ್ತ ಯಜಮಾನರು ಕೇಳಿದರು. ಉತ್ತರಕ್ಕೆ ಕಾಯದೆ ಬಸ್ಸಿಗೆ ಓಡಿದರು. ಹದಿನೆಂಟು ವರ್ಷದ ಹಳೆಯ ಪ್ರಶ್ನೆ. ಆದರೆ ಇಂದು ಅವರ ಹೆಂಡತಿ ಚಿಕ್ಕಮ್ಮನ ಬಳಿ ಉತ್ತರವಿತ್ತು. ಸಿನಿಮಾ ಕಲಿಯುತ್ತಿದ್ದ ಅಕ್ಕನ ಮಗ ಕ್ಯಾಮೆರಾ ಹೊತ್ತು ಬಂದಿದ್ದ.

“ಕಲಾತ್ಮಕ ಚಿತ್ರ, ಚಿಕ್ಕಮ್ಮ. ಗೃಹಿಣಿಯ ಒಂದು ಬೆಳಗು. ಮೂರು ಗಂಟೆ, ಒಂದೇ ಶಾಟ್, ನಿಲ್ಲಿಸೋ ಹಾಗಿಲ್ಲ. ನೀವು ಬಾಯಿ ಬಿಡೋ ಹಾಗೂ ಇಲ್ಲ. ಏನಾಗುತ್ತೋ ಆಗ್ಲಿ, ಅದೇ ಸತ್ಯ.”

“ಸಂಜೆ ನಿಮ್ಮ ಚಿಕ್ಕಪ್ಪನಿಗೆ ತೋರಿಸ್ತೀಯಲ್ವಾ?”

“ಮೊದಲ ಪ್ರೇಕ್ಷಕರೇ ಅವರು.”

ಚಿಕ್ಕಮ್ಮನಿಗೆ ಅಷ್ಟೇ ಬೇಕಿತ್ತು. ಇದಕ್ಕೆಂದೇ ಎರಡು ದಿನದ ಬಟ್ಟೆ, ಒಂದು ರಾಶಿ ಪಾತ್ರೆ, ಬುಟ್ಟಿ ತುಂಬ ಆಲೂಗಡ್ಡೆ ಉಳಿಸಿಕೊಂಡಿದ್ದಳು. ಎಲ್ಲವೂ ಅವಳ ಪರ ಸಾಕ್ಷಿ ಹೇಳಲು ಬಂದವರಂತೆ ಸಾಲಾಗಿ ಕಾದಿದ್ದವು.

ಕ್ಯಾಮೆರಾ ಓಡತೊಡಗಿತು. ಮೊದಲ ಪಾತ್ರೆ ಮುಟ್ಟುವಷ್ಟರಲ್ಲಿ ಎದುರುಮನೆಯ ಟೈಲರಮ್ಮ ಮುಖಕ್ಕೆ ಪೌಡರ್ ಬಳಿದುಕೊಂಡು ಒಳನುಗ್ಗಿದಳು.

“ಅಯ್ಯೋ! ಸಿನಿಮಾ ನಾಯಕಿ ಮುಸುರೆ ತಿಕ್ಕೋದಾ? ನಾವೆಲ್ಲ ಯಾಕಿರೋದು?”

ಪಾತ್ರೆ ಟೈಲರಮ್ಮನ ಕೈ ಸೇರಿತು. ಚಿಕ್ಕಮ್ಮ ಬಾಯಿ ಬಿಡುವಂತಿಲ್ಲ, ಕಣ್ಣು ಕೆಕ್ಕರಿಸಿದಳು.

“ಆಹಾ, ಏನು ಅಭಿನಯ!” ಎಂದಳು ಟೈಲರಮ್ಮ.

ಆಲೂಗಡ್ಡೆಯತ್ತ ತಿರುಗಿದರೆ ಮಹಡಿ ಮನೆಯ ನಿವೃತ್ತ ನರ್ಸ್ ಆಗಲೇ ಚಾಕು ಹಿಡಿದಿದ್ದಳು. “ಕೊಯ್ಯೋ ಕೆಲಸ ನನಗೆ ಬಿಡು. ಮೂವತ್ತು ವರ್ಷ ಆಪರೇಷನ್ ಥಿಯೇಟರಲ್ಲಿ ಇದ್ದವಳು.” ಆಲೂಗಡ್ಡೆಗೆ ನೋವಾಗಬಾರದೆಂಬಂತೆ ಮೆಲ್ಲಗೆ ಸಿಪ್ಪೆ ಬಿಡಿಸತೊಡಗಿದಳು. ಪೊರಕೆ ಪಕ್ಕದ ಮನೆಯ ವಾಚ್ ರಿಪೇರಿಯವನ ಪಾಲಾಯಿತು. ಕ್ಯಾಮೆರಾಗೆ ಕಾಣುವಷ್ಟೇ ಜಾಗವನ್ನು ಅವನು ಲೋಲಕದಂತೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಗುಡಿಸಿದ.

ಬಟ್ಟೆಯ ಬಕೆಟ್ಟಿಗೆ ಕೈ ಹಾಕಿದ ಚಿಕ್ಕಮ್ಮನನ್ನು ಟೈಲರಮ್ಮ ಎಳೆದು ತಂದು ನಟ್ಟನಡುವಿನ ಸ್ಟೂಲಿನ ಮೇಲೆ ಕುಕ್ಕಿದಳು. “ಸುಮ್ನೆ ಕೂತ್ಕೊಳ್ಳಿ. ನಾಯಕಿ ಬೆವರಬಾರದು.”

ಅವಳು ಎದ್ದಾಗಲೆಲ್ಲ ಮೂವರೂ “ನಾವಿದ್ದೀವಿ!” ಎನ್ನುತ್ತಿದ್ದರು. ಕ್ಯಾಮೆರಾ ಹಿಂದೆ ಅಕ್ಕನ ಮಗ ಸಂತೋಷದಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಸಂಜೆ ಎಲ್ಲರೂ ಲ್ಯಾಪ್‌ಟಾಪಿನ ಮುಂದೆ ಸೇರಿದರು. ಎರಡು ಸುತ್ತು ಚಹಾ ತಾನಾಗಿ ಅವರವರ ಕೈಗೆ ಬಂತು. ಎಲ್ಲಿಂದ ಬಂತೆಂದು ತೆರೆಯಿಂದ ಕಣ್ಣು ಕಿತ್ತು ಯಾರೂ ನೋಡಲಿಲ್ಲ. ಯಜಮಾನರು ಮೂರು ಗಂಟೆಯೂ ರೆಪ್ಪೆ ಮುಚ್ಚದೆ ನೋಡಿದರು. ಒಬ್ಬಳು ತಿಕ್ಕುತ್ತಾಳೆ, ಒಬ್ಬಳು ಹೆಚ್ಚುತ್ತಾಳೆ, ಒಬ್ಬ ಗುಡಿಸುತ್ತಾನೆ. ನಡುವೆ ಸ್ಟೂಲಿನ ಮೇಲೆ ಹೆಂಡತಿ, ಮಹಾರಾಣಿಯಂತೆ.

ಕೊನೆಗೆ ಕನ್ನಡಕ ತೆಗೆದು ಹೇಳಿದರು: “ಹದಿನೆಂಟು ವರ್ಷದಿಂದ ನನಗೆ ಅನುಮಾನ ಇತ್ತು.”

ಚಪ್ಪಾಳೆಯೋ ಚಪ್ಪಾಳೆ. ಚಿಕ್ಕಮ್ಮನಿಗೆ ಅಳು ಬರಬೇಕಾಗಿದ್ದ ಜಾಗದಲ್ಲಿ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು.

ನೆರೆಯವರು ಹೊರಟರು, ಹುಡುಗ ಕ್ಯಾಮೆರಾ ಕಟ್ಟಿಟ್ಟ. ಅವಳಿನ್ನೂ ನಗುತ್ತಲೇ ಸೆರಗು ಸಿಕ್ಕಿಸಿ ಹನ್ನೆರಡು ಚಹಾ ಲೋಟಗಳನ್ನು ತೊಳೆಯಲು ನಿಂತಳು.

ಯಜಮಾನರು ಬಾಗಿಲಿಗೆ ಒರಗಿ ತಲೆಯಾಡಿಸಿದರು.

“ನೋಡಿದ್ಯಾ? ಕ್ಯಾಮೆರಾ ಪೆಟ್ಟಿಗೆ ಸೇರಿದ ಮೇಲೆ ಶುರುವಾಯ್ತು ನಿನ್ನ ನಾಟಕ!”