ಕೊರಿಯಾದಲ್ಲೂ ‘ನಾ’ ಅಂದರೆ ನಾನೇ

ಒಂಟಿಕೊಪ್ಪಲಿನಲ್ಲಿ ಕೊರಿಯಾ ಭಾಷೆ ಬಲ್ಲವನು ನಾನೊಬ್ಬನೇ. ಬೇರೆ ಯಾರಾದರೂ ಇದ್ದರೆ ಕರೆತನ್ನಿ, ನೋಡೋಣ. ಆದರೆ ಆ ಭಾಷೆಯ ಒಂದೇ ಒಂದು ಅಕ್ಷರದಿಂದ ನನಗೆ ಆಗಾಗ ಏನಾದರೊಂದು ಆಗುತ್ತಲೇ ಇರುತ್ತದೆ.

ಯಾವೂರಪ್ಪಾ?

ಕೊರಿಯಾದಲ್ಲಿ ಯುದ್ಧ ನಿಂತ ಮೇಲೆ ಕೈದಿಗಳನ್ನು ಕಾಯಲು ನಮ್ಮ ಪಡೆ ಹೋಗಿತ್ತು. ನಾನಾಗ ಸಿಪಾಯಿ. ತಂತಿಬೇಲಿಯ ಆಚೆ ನನ್ನ ವಾರಿಗೆಯ ಕೈದಿಯೊಬ್ಬ ಎದೆ ಮುಟ್ಟಿಕೊಂಡು “ನಾ” ಅಂದ. ಮೈಸೂರು ಬಿಟ್ಟಮೇಲೆ ಕೇಳಿದ ಮೊದಲ ಕನ್ನಡ! ಖುಷಿ ತಡೆಯಲಾರದೆ “ಯಾವೂರಪ್ಪಾ ನಿಂದು? ಮದ್ದೂರಾ?” ಅಂದೆ. ಅವನು ಬಿದ್ದು ಬಿದ್ದು ನಕ್ಕ.

ಅವರಲ್ಲೂ ‘ನಾ’ ಅಂದರೆ ನಾನು, ‘ಅಪ್ಪಾ’ ಅಂದರೆ ಅಪ್ಪನೇ ಅಂತ ಆಮೇಲೆ ತಿಳಿಯಿತು. ಬಂದೂಕು ಹಿಡಿದ ಕಾವಲುಗಾರ ಕೈದಿಯನ್ನು ಅಪ್ಪಾ ಅಂದಿದ್ದ. ಅಲ್ಲಿಂದ ಹೊರಡುವವರೆಗೂ ಅವನು ನನ್ನನ್ನು ಕಂಡಾಗಲೆಲ್ಲ ಮಗನ ತಲೆ ಸವರುವ ಹಾಗೆ ಕೈಯಾಡಿಸುತ್ತಿದ್ದ.

ಭಾವಮೈದನ ಪರೀಕ್ಷೆ

ಊರಿಗೆ ಬಂದ ಮೇಲೆ ಹೆಂಡತಿಯ ತಮ್ಮ ಕೇಳಿದ: “ಎಲ್ಲಿ ಭಾವ, ಕೊರಿಯಾ ಮಾತಲ್ಲಿ ‘ನಾನು’ ಅನ್ನಿ.”

“ನಾ.”

“ನೀನು ಅನ್ನೋಕೆ?”

“ನೀ ಅಂತಲೂ ಅಂತಾರೆ.”

“ಅಪ್ಪಂಗೆ?”

“ಅಪ್ಪ.”

“ಭಾವ, ನೀವು ಹೋಗ್ಬುಟ್ಟು ಬಂದಿದ್ದು ಕೊರಿಯಾಕ್ಕೋ, ಕೊರಟಗೆರೆಗೋ?”

ಈ ಮಾತು ಬೀದಿಯೆಲ್ಲ ಹಬ್ಬಿತು. ನಾನು ಸಮುದ್ರ ದಾಟಿದ್ದೇ ಸುಳ್ಳು ಅಂದರು. ನನಗೆ ನಿಜವಾಗಿಯೂ ನೋವಾಯಿತು. ಅಂದಿನಿಂದ ನನಗೆ ಪತ್ರ ಬಂದರೆ ಪೋಸ್ಟ್‌ಮ್ಯಾನ್ ಕೂಡ “ಕೊರಟಗೆರೆ ಸಾಹೇಬ್ರೇ” ಅಂತ ಕೂಗತೊಡಗಿದ.

ಚೊ ಚೊ

ಕೆಲವು ವರ್ಷದ ಮೇಲೆ ಭಾವಮೈದ ಗುಮಾಸ್ತನಾಗಿದ್ದ ಕಾಲೇಜಿಗೆ ಕೊರಿಯಾದ ಮೇಷ್ಟ್ರೊಬ್ಬರು ಬಂದರು. ತಲೆ ನರೆತ ಹಿರಿಯರು. ನನ್ನ ಬಣ್ಣ ಬಯಲು ಮಾಡೋಣ ಅಂತ ಅವನೇ ನನ್ನನ್ನು ಎಳೆದುಕೊಂಡು ಹೋದ.

ನಾನು ನೆಟ್ಟಗೆ ನಿಂತು, ಎದೆ ಮುಟ್ಟಿ, “ನಾ” ಅಂದೆ. ಅವರು ನಕ್ಕು “ಚೊ” ಅಂದರು. ನಾನು ಇನ್ನೂ ಗಟ್ಟಿಯಾಗಿ “ನಾ” ಅಂದೆ. ಅವರು “ಚೊ, ಚೊ” ಅಂದರು.

ಭಾವಮೈದ ಕಿವಿಯಲ್ಲಿ ಅಂದ: “ನಡೀರಿ ಭಾವ. ಪಾಪ, ನಿಮ್ಮನ್ನ ನೋಡಿ ಅವರೇ ಚೊ ಚೊ ಅಂತಾವ್ರೆ.”

ಆಗ ಅವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನಾನಂದದ್ದು ಅಪ್ಪಟ ಕೊರಿಯಾ ಮಾತೇ. ಆದರೆ ‘ನಾ’ ಅನ್ನುವುದು ಗೆಳೆಯರ ಮುಂದೆ, ಕಿರಿಯರ ಮುಂದೆ. ಹಿರಿಯರ ಮುಂದೆ ‘ನಾನು’ ಅನ್ನಲು ತಗ್ಗಿ ‘ಚೊ’ ಅನ್ನಬೇಕು. ಭಾವಮೈದನ ಮುಖ ಸಪ್ಪಗಾಯಿತು. ನಾನು ಮಾತ್ರ ಕಾಲೇಜಿನಿಂದ ಮನೆಯವರೆಗೂ ಪೆರೇಡಿನ ನಡಿಗೆಯಲ್ಲೇ ಬಂದೆ.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು.

“ಯಾರು?” ಅಂದೆ.

ಹೊರಗಿನಿಂದ ಭಾವಮೈದನ ದನಿ, ತುಂಬ ಮೆತ್ತಗೆ: “ಚೊ.”

ಅಡಿಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದೇ ಓಡಿಬಂದಳು: “ಅಯ್ಯೋ, ಯಾರು ಹೋಗ್ಬುಟ್ರೋ?”